ಹಪ್ಪಳ ಒಣಗಿಸಿದ ತಗಡು

ಅಹಮದಾಬಾದಿನ ಒಂದು ಗಲ್ಲಿಯಲ್ಲಿ ಜೀವಿಬಾಳ ಅಕ್ಕಿ ಹಪ್ಪಳಕ್ಕೆ ಹೆಸರಿತ್ತು. ಬೆಳಿಗ್ಗೆ ಲಟ್ಟಿಸಿ ತಗಡಿನ ಛಾವಣಿಯ ಮೇಲೆ ಬಟ್ಟೆ ಹಾಸಿ ಹರವಿದರೆ ಮಧ್ಯಾಹ್ನಕ್ಕೆಲ್ಲ ಗರಿಗರಿ. ಅದೇ ತಗಡಿನ ಕೆಳಗೆ ಹಗ್ಗದ ಮಂಚದಲ್ಲಿ ಅವಳ ಗಂಡ ಡಾಹ್ಯಾಭಾಯಿ ಮಲಗಿರುತ್ತಿದ್ದ. ಲಕ್ವ ಹೊಡೆದು ಎರಡು ವರ್ಷವಾಗಿತ್ತು.

ಮಾರ್ಚಿನಲ್ಲೇ ಪಕ್ಕದ ಮನೆಯ ಹಂಸಾಬೆನ್ ಸುಣ್ಣದ ಬಕೆಟ್ಟು ಹಿಡಿದು ಬಂದಳು. ತಗಡಿಗೆ ಸುಣ್ಣ ಬಳಿಯುವುದನ್ನು ಮಹಿಳಾ ಸಂಘದಲ್ಲಿ ಕಲಿತಿದ್ದಳು.

"ಕಾಕಿ, ನಮ್ಮನೆ ತಗಡಿಗೆ ಹೋದ್ವರ್ಷ ಬಿಳಿ ಬಳಿದ್ವಲ್ಲ, ಈಗ ಮಧ್ಯಾಹ್ನಾನೂ ಒಳಗೆ ಕೂತ್ಕೋಬಹುದು. ಬಿಳಿ ಬಣ್ಣ ಬಿಸಿಲನ್ನ ವಾಪಸ್ ಕಳಿಸುತ್ತೆ. ನಿಮ್ದಕ್ಕೂ ಬಳಿದ್ಬಿಡೋಣ. ಪಾಪ, ಕಾಕಾ ಬೆಂದ್ಹೋಗ್ತಾರೆ."

"ಅಯ್ಯೋ ಹೋಗೇ! ತಗಡು ತಣ್ಣಗಾದ್ರೆ ನನ್ ಹಪ್ಪಳ ಯಾವಾಗ ಒಣಗ್ಬೇಕು, ದೀಪಾವಳಿಗಾ?"

"ಹಪ್ಪಳಾನ ಅಂಗಳದಲ್ಲಿ ಒಣಗಿಸಿ. ಕಾಕಾನ ಎಲ್ಲಿಗೆ ಎತ್ಕೊಂಡ್ ಹೋಗ್ತೀರಿ?"

"ಅಂಗಳದಲ್ಲಿ ನಾಯಿ ಓಡಿಸೋಕೆ ನೀನ್ ಬರ್ತೀಯಾ? ಅವರು ಮೂವತ್ತು ವರ್ಷ ಬಟ್ಟೆ ಮಿಲ್ಲಲ್ಲಿ ಬೆಂದವರು. ಈ ಬಿಸಿಲೊಂದು ಲೆಕ್ಕಾನಾ ಅವರಿಗೆ?"

ಮಂಚದಿಂದ ಡಾಹ್ಯಾಭಾಯಿ ತೊದಲಿದ. "ಬಳೀಲಿ ಬಿಡೇ..."

"ನೀವು ಸುಮ್ನಿರಿ."

ಹಂಸಾಬೆನ್ ಬಕೆಟ್ಟು ಎತ್ತಿಕೊಂಡು ಹೋದಳು.

ಮೇ ತಿಂಗಳಲ್ಲಿ ಒಂದು ಮಧ್ಯಾಹ್ನ ಜೀವಿಬಾ ಅಂಗಡಿಗೆ ಹಪ್ಪಳ ಕೊಟ್ಟು ಬರುವಷ್ಟರಲ್ಲಿ ಗಂಡನ ಮೈ ಕಾದ ಹೆಂಚಾಗಿತ್ತು. ಬೆವರಿನ ಹನಿಯೂ ಇರಲಿಲ್ಲ.

"ಸೈರನ್ ಆಯ್ತು. ಅಂಗಿ ಕೊಡೇ, ಪಾಳಿಗೆ ಹೊತ್ತಾಯ್ತು," ಎನ್ನುತ್ತಿದ್ದ. ಮಿಲ್ಲು ಮುಚ್ಚಿ ಎಷ್ಟೋ ವರ್ಷವಾಗಿತ್ತು.

ಜೀವಿಬಾಳ ಕೂಗಿಗೆ ಹಂಸಾಬೆನ್ ಓಡಿಬಂದಳು. "ಬಿಸಿಲು ಬಡಿದಿದೆ ಕಾಕಿ! ಮೈಗೆ ನೀರು ಹಾಕಿ, ಗಾಳಿ ಬೀಸಿ, ನಾನು ಆಂಬುಲೆನ್ಸಿಗೆ ಫೋನ್ ಮಾಡ್ತೀನಿ!"

ಆಂಬುಲೆನ್ಸು ಬಂತು. ಆಸ್ಪತ್ರೆ ಮುಟ್ಟುವ ಮೊದಲೇ ಡಾಹ್ಯಾಭಾಯಿ ಹೋಗಿಬಿಟ್ಟ. ಆ ದಿನದ ಹಪ್ಪಳ ಮಾತ್ರ ಚೆನ್ನಾಗಿ ಒಣಗಿದ್ದವು. ಅವನ್ನು ಇಳಿಸಲು ಯಾರೂ ಹತ್ತಲಿಲ್ಲ.

ಹದಿಮೂರನೇ ದಿನದ ಕಾರ್ಯ ಮುಗಿದ ಮರುದಿನ ಜೀವಿಬಾ ತಾನೇ ಹೋಗಿ ಹಂಸಾಬೆನ್ ಮನೆಯ ಬಾಗಿಲು ತಟ್ಟಿದಳು. "ಬಕೆಟ್ ಕೊಡು."

ಇಬ್ಬರೂ ತಗಡು ಗುಡಿಸಿ, ತೊಳೆದು, ಒಣಗಿದ ಮೇಲೆ ಎರಡು ಸಲ ಸುಣ್ಣ ಬಳಿದರು. ಮರುದಿನ ನಡು ಮಧ್ಯಾಹ್ನ ಜೀವಿಬಾ ಖಾಲಿ ಮಂಚದ ಹಗ್ಗದ ಮೇಲೆ ಕೈಯಿಟ್ಟು ನೋಡಿದಳು. ಮೊದಲಿನಂತೆ ಸುಡಲಿಲ್ಲ.

"ಇಷ್ಟೇನಾ ಹಂಸಾ? ಒಂದ್ ಹೊತ್ತಿನ ಕೆಲಸ, ಇಷ್ಟೇನಾ?"

ಜೀವಿಬಾ ಸೆರಗು ಬಾಯಿಗೆ ತುರುಕಿಕೊಂಡು ಅತ್ತಳು. ಬೇಡವೆಂದದ್ದು ಅವಳ ಬಾಯೇ.

ಈಗ ಅವಳು ಅಂಗಳದಲ್ಲಿ ಹಪ್ಪಳ ಹರವಿ, ಕೋಲು ಹಿಡಿದು ನಾಯಿ ಓಡಿಸುತ್ತಾಳೆ. ಅದೇನು ಕಷ್ಟದ ಕೆಲಸವಲ್ಲ ಅನ್ನುತ್ತಾಳೆ.

ಅಕ್ಕಂದಿರೇ, ಅಣ್ಣಂದಿರೇ, ಬೇಸಿಗೆ ಕಾಲಿಡುವ ಮೊದಲೇ ಛಾವಣಿ ತೊಳೆದು ಬಿಳಿ ಬಳಿಯಿರಿ. ಮಳೆಗೆ ಸುಣ್ಣ ಕರಗುತ್ತದೆ, ಪ್ರತಿ ವರ್ಷ ಮತ್ತೆ ಬಳಿಯಿರಿ. ನಾಳೆ ಎನ್ನುವ ಮುಂಚೆ ಒಮ್ಮೆ ಒಳಗೆ ಹೋಗಿ, ನಿಮ್ಮ ತಗಡಿನ ಕೆಳಗೆ ಯಾರು ಮಲಗಿದ್ದಾರೆಂದು ನೋಡಿ.