ಆರನೆಯ ನಾಮಪತ್ರ

"ಇನ್ನೊಮ್ಮೆ ನೋಡು ಮಾರಾಯ. ಸ್ಪೆಲ್ಲಿಂಗ್ ತಪ್ಪಿರಬೇಕು" ಎಂದ ಶಾಹುಲ್ ಹಮೀದ್.

ಪೈವಳಿಕೆಯ ಅಕ್ಷಯ ಎಂಬ ಸರಕಾರಿ ಸೇವಾ ಕೇಂದ್ರದಲ್ಲಿ ಕಂಪ್ಯೂಟರಿನ ಮುಂದೆ ಕೂತಿದ್ದ ಪ್ರವೀತ್ ಮತದಾರರ ಪಟ್ಟಿಯಲ್ಲಿ ಅವನ ಹೆಸರನ್ನು ಮೂರನೆಯ ಸಲ ಹುಡುಕಿದ. ಮೊದಲು ಇಂಗ್ಲಿಷಿನಲ್ಲಿ, ಮತ್ತೆ ಮಲಯಾಳದಲ್ಲಿ, ಈಗ ಗುರುತಿನ ಚೀಟಿಯ ಸಂಖ್ಯೆ ಹಾಕಿ. ಹಿಂದೆ ಬೆಂಚಿನಲ್ಲಿ ಪಿಂಚಣಿಯ ಮಸ್ಟರಿಂಗಿಗೆ, ಜೀವಂತ ಇದ್ದೇವೆಂದು ತೋರಿಸಲಿಕ್ಕೆ, ಬಂದ ಇಬ್ಬರು ಮುದುಕಿಯರು ಬೆರಳೊತ್ತುವ ಸರದಿ ಕಾಯುತ್ತಿದ್ದರು. ಫ್ಯಾನು ತಿರುಗುತ್ತಿದ್ದರೂ ಹಮೀದನ ಬಿಳಿ ಅಂಗಿ ಬೆನ್ನಿಗೆ ಅಂಟಿತ್ತು.

"ನಿಮ್ಮ ಹೆಂಡತಿ ನಬೀಸುಮ್ಮನದ್ದು ಉಂಟು. ನಿಮ್ಮದು ಮಾತ್ರ ಇಲ್ಲ ಹಮೀದಿಚ್ಚ."

"ಹೋದ ಸಲ ಓಟು ಹಾಕಿದ್ದೇನಲ್ಲ? ಓಟು ಹಾಕಿದ್ದು ಮಾತ್ರ ಅಲ್ಲ, ಎಲೆಕ್ಷನಿಗೆ ನಿಂತದ್ದೂ ನಾನೇ!"

"ಈ ಸಲ ಪಟ್ಟಿ ಇಡೀ ಹೊಸತು ಮಾಡಿದ್ದಲ್ವಾ. ತೆಗೆದುಹಾಕಿದವರ ಪಟ್ಟಿ ಬೇರೆ ಉಂಟು, ನೋಡ್ತೇನೆ." ಪ್ರವೀತ್ ಪರದೆಯ ಮೇಲೆ ಬೆರಳಿಟ್ಟು ಕೆಳಗಿಳಿಯುತ್ತ ಹೋದ. ಬೆರಳು ಒಂದು ಕಡೆ ನಿಂತಿತು. "ಇಲ್ಲಿ ಉಂಟು. 'ಸ್ಥಿರವಾಗಿ ಬೇರೆ ಕಡೆಗೆ ಹೋಗಿದ್ದಾರೆ' ಅಂತ."

"ಎಲ್ಲಿಗೆ ಹೋದೆನಂತೆ ನಾನು?"

"ಅದು ಬರೆದಿಲ್ಲ."

ಹಮೀದ್ ನಗಲು ನೋಡಿದ. ಕೈಯಲ್ಲಿದ್ದ ಪ್ಲಾಸ್ಟಿಕ್ ಫೈಲಿನಲ್ಲಿ ನಾಮಪತ್ರಕ್ಕೆ ಬೇಕಾದ ಹತ್ತು ಜನ ಸೂಚಕರ ಸಹಿಯಿತ್ತು. ಅಷ್ಟು ಸಹಿ ಸಿಗಲು ಹದಿನೇಳು ದಿನ ಮನೆಮನೆ ಹತ್ತಿ ಇಳಿದಿದ್ದ. ಮೊದಲ ಸಲ ನಿಂತಾಗ ಅರ್ಧ ದಿನದಲ್ಲಿ ಸಿಕ್ಕಿದ್ದವು. ನಾಮಪತ್ರ ಕೊಡಲು ಸೋಮವಾರ ಕಡೆಯ ದಿನ, ಇಂದು ಗುರುವಾರ. ಹೊಸದಾಗಿ ಹೆಸರು ಸೇರಿಸುವ ಅವಧಿ ಹೋದ ವಾರವೇ ಮುಗಿದಿತ್ತೆಂದು ಪ್ರವೀತ್ ಮೆಲ್ಲಗೆ ಹೇಳಿದ. ಪಟ್ಟಿಯಲ್ಲಿಲ್ಲದವನು ಓಟು ಹಾಕುವ ಹಾಗೂ ಇಲ್ಲ, ಓಟಿಗೆ ನಿಲ್ಲುವ ಹಾಗೂ ಇಲ್ಲ.

ಇಪ್ಪತ್ತೆರಡು ವರ್ಷಗಳ ಹಿಂದೆ ಅವನು ಹೊಸಂಗಡಿಗೆ ಹೋಗುವ ಖಾಸಗಿ ಬಸ್ಸಿನಲ್ಲಿ ಕಂಡಕ್ಟರಾಗಿದ್ದ. ಒಂದು ಬೆಳಿಗ್ಗೆ ಪೈವಳಿಕೆ ದಾಟಿದ ಮೇಲೆ ಮುದುಕಿಯೊಬ್ಬಳು ರಸ್ತೆಗೆ ಅಡ್ಡ ನಿಂತು, ಹೆರಿಗೆ ನೋವಿನ ಮಗಳನ್ನು ಬಸ್ಸಿಗೆ ಹತ್ತಿಸಿದಳು. ಹೊಸಂಗಡಿಯಲ್ಲಿ ಇಳಿಸಿದರೆ ಅಲ್ಲಿಂದ ಮುಂದೆ ವಾಹನ ಯಾವಾಗ ಸಿಗುತ್ತದೋ ಎಂದು ಹಮೀದನೇ ಡ್ರೈವರಿಗೆ ನಿಲ್ಲಿಸಬೇಡ ಎಂದ. ಬಸ್ಸು ನೇರ ಮಂಗಳೂರಿಗೆ ಓಡಿತು. ನೋವಿನಲ್ಲಿದ್ದ ಆ ಹೆಂಗಸು ಅವನ ಮಣಿಕಟ್ಟನ್ನು ಹಿಡಿದುಕೊಂಡಿದ್ದಳು. ತಲಪಾಡಿ ದಾಟುವಾಗ ಹಿಡಿತ ಸಡಿಲವಾಯಿತು. ಅವಳ ಹೆಸರು ಸುಂದರಿ ಎಂಬುದು ಅವನಿಗೆ ಆಮೇಲೆ ಗೊತ್ತಾದದ್ದು.

ಮುಂದಿನ ವಿಧಾನಸಭಾ ಚುನಾವಣೆಗೆ ಅವನು ಪಕ್ಷೇತರನಾಗಿ ನಿಂತ. ಚಿಹ್ನೆ ವಿಸಿಲ್. ಕೇಳಿದ್ದು ಒಂದೇ: ಒಳನಾಡಿನಲ್ಲೊಂದು ಹೆರಿಗೆ ಆಸ್ಪತ್ರೆ, ರಾತ್ರಿಯೂ ಇರುವ ಡಾಕ್ಟರು. ಬಾಡಿಗೆ ಆಟೋದ ಮೇಲೆ ಮೈಕು ಕಟ್ಟಿ ಪೇಟೆಪೇಟೆಯಲ್ಲಿ ಸುಂದರಿಯ ಕಥೆ ಹೇಳಿದ. ಕೆಲವು ಹೆಂಗಸರು ಸೆರಗಿನಿಂದ ಕಣ್ಣೊರಸಿಕೊಂಡರು. ಆ ಸಲ ನಾನೂರ ಹನ್ನೆರಡು ಓಟು ಬಿದ್ದವು. ಮತ್ತೆ ನಿಂತ, ಮತ್ತೆ ನಿಂತ, ನಡುವೆ ಬಂದ ಉಪಚುನಾವಣೆಗೂ ನಿಂತ. ಐದನೆಯ ಸಲಕ್ಕೆ ಓಟು ಎಪ್ಪತ್ತೊಂಬತ್ತಕ್ಕೆ ಇಳಿದಿತ್ತು. ಅಷ್ಟರಲ್ಲಿ ಜನ ಅವನನ್ನು ವಿಸಿಲ್ ಹಮೀದ್ ಎಂದು ಕರೆಯತೊಡಗಿದ್ದರು. ಆಟೋ ಬಂದು ನಿಂತರೆ ಬಸ್‌ಸ್ಟ್ಯಾಂಡಿನ ಹುಡುಗರು, "ಸುಂದರಿ ಬಂದ್ಲು, ಸುಂದರಿ ಬಂದ್ಲು" ಎಂದು ಕೂಗುತ್ತಿದ್ದರು.

ಅಕ್ಷಯ ಕೇಂದ್ರದಿಂದ ಹಮೀದ್ ನೇರ ಅಂಗನವಾಡಿಗೆ ಹೋದ. ಅವನ ಬೂತಿನ ಪಟ್ಟಿಯ ಕೆಲಸ ಅಂಗನವಾಡಿಯ ಪಂಕಜಾಕ್ಷಿ ಟೀಚರಿಗಿತ್ತು. ಅವನನ್ನು ಬಾಗಿಲಲ್ಲಿ ಕಂಡದ್ದೇ ಅವಳ ಕೈಯ ಸೌಟು ಪಾತ್ರೆಯೊಳಗೆ ನಿಂತಿತು.

"ನೀವು ದುಬೈಯಿಂದ ಯಾವಾಗ ಬಂದದ್ದು ಹಮೀದಿಚ್ಚ?"

"ದುಬೈ?"

"ನವೆಂಬರಿನಲ್ಲಿ ನಾನು ಮೂರು ಸಲ ನಿಮ್ಮಲ್ಲಿಗೆ ಬಂದಿದ್ದೇನೆ. ನಬೀಸುಮ್ಮ ಹೇಳಿದ್ದು, ಮಗ ಕರ್ಕೊಂಡು ಹೋದ, ಇನ್ನು ಅಲ್ಲಿಯೇ, ಬರ್ಲಿಕ್ಕಿಲ್ಲ ಅಂತ. ಅವರೇ ಸಹಿ ಹಾಕಿ ಕೊಟ್ಟಿದ್ದಾರೆ. ಹೆಂಡತಿಯೇ ಹೇಳಿದ ಮೇಲೆ ನಾನು ಇನ್ನು ಯಾರ ಹತ್ರ ಕೇಳುವುದು?"

ನವೆಂಬರಿನಲ್ಲಿ ಅವನು ಮಂಗಳೂರಿನ ಆಸ್ಪತ್ರೆಯಲ್ಲಿದ್ದ. ಎದೆ ಸೀಳಿ ಹೊಲಿದಿದ್ದರು. ಆಮೇಲೆ ಎರಡು ತಿಂಗಳು ಹೊಸಂಗಡಿಯಲ್ಲಿ, ಮಗಳು ರಸೀನಾಳ ಮನೆಯಲ್ಲಿ ಮಲಗಿದ್ದ. ನಬೀಸುಮ್ಮ ಮಾತ್ರ ಅಲ್ಲಿಗೂ ಇಲ್ಲಿಗೂ ಓಡಾಡಿಕೊಂಡಿದ್ದಳು. "ಪಟ್ಟಿಯವರು ಬಂದ್ರಾ?" ಎಂದು ಅವನು ಕೇಳಿದ್ದೂ ಹೌದು. "ಎಲ್ಲ ಕೊಟ್ಟಾಯ್ತು" ಎಂದಿದ್ದಳು.

ಪಂಕಜಾಕ್ಷಿ ಟೀಚರ್ ಸೆರಗಿನಲ್ಲಿ ಕೈ ಒರಸುತ್ತ ಹೊರಗೆ ಬಂದಳು. "ಕಾಸರಗೋಡಿಗೆ ಹೋಗಿ ದೂರು ಕೊಟ್ಟು ನೋಡಿ. ಅರ್ಜೆಂಟ್ ಅಂತ ತನಿಖೆ ಮಾಡಿ ಎಂತಾದ್ರೂ ಮಾಡಿಯಾರು. ಆದ್ರೆ ನನ್ನನ್ನು ಕರೆದು ಕೇಳಿದ್ರೆ ನಾನು ಆ ಸಹಿ ತೋರಿಸಬೇಕಾಗ್ತದೆ. ಸುಳ್ಳು ಬರ್ಕೊಟ್ಟದ್ದಕ್ಕೆ ಕೇಸಾಗ್ತದೆ. ಈಗಲೇ ಹೇಳಿದ್ದೇನೆ, ಆಮೇಲೆ ನನ್ನನ್ನು ದೂರಬೇಡಿ."

ಮನೆಗೆ ಬಂದಾಗ ನಬೀಸುಮ್ಮ ಜಗಲಿಯಲ್ಲಿ ಕೂತು, ಅವನ ಮಾತ್ರೆಗಳನ್ನು ಹೊತ್ತು ಹೊತ್ತಿಗೆ ಬೇರೆ ಮಾಡಿ ಡಬ್ಬಿಗೆ ತುಂಬುತ್ತಿದ್ದಳು.

"ನಾನು ಯಾವಾಗ ದುಬೈಗೆ ಹೋದದ್ದು?" ಎಂದು ಕೇಳಿದ.

ಅವಳು ಒಂದು ಹಳದಿ ಮಾತ್ರೆಯನ್ನು ಎರಡು ತುಂಡು ಮಾಡಿದಳು.

"ಕೇಳಿದ್ದಕ್ಕೆ ಹೇಳು."

"ನಾನೇ ಹೇಳಿದ್ದು. ಇಲ್ಲ ಅನ್ಲಿಕ್ಕಿಲ್ಲ" ಎಂದಳು. "ಹೃದಯ ಅರ್ಧದಷ್ಟೂ ಕೆಲಸ ಮಾಡುವುದಿಲ್ಲ, ಬಿಸಿಲಿಗೆ ಹೋಗ್ಬೇಡಿ, ಜೋರಾಗಿ ಮಾತಾಡ್ಬೇಡಿ ಅಂತ ಡಾಕ್ಟ್ರು ಹೇಳ್ತಾ ಇದ್ರು. ನೀವು ಎಂತ ಕೇಳಿದ್ರಿ? ಏಪ್ರಿಲಿನಲ್ಲಿ ಮೈಕು ಹಿಡಿಯಬಹುದಾ ಅಂತ ಕೇಳಿದ್ರಿ. ನಾನು ಅಲ್ಲಿಯೇ ನಿಶ್ಚಯ ಮಾಡಿದೆ."

"ನನ್ನ ಹತ್ರ ಹೇಳ್ಬಹುದಿತ್ತಲ್ಲ?"

"ಐದು ಸಲ ಹೇಳಿದ್ದೇನೆ. ಕೇಳಿದ್ದೀರಾ?"

"ನಬೀಸು, ನಿನಗೆ ಗೊತ್ತುಂಟು. ಆ ಸುಂದರಿ ನನ್ನ ಕೈ ಹಿಡ್ಕೊಂಡು…"

ನಬೀಸುಮ್ಮ ಡಬ್ಬಿಯನ್ನು ನೆಲಕ್ಕಿಟ್ಟಳು. "ನಮ್ಮ ಮೊದಲಿನದ್ದು ಹೋದ ದಿನ ಯಾವುದು? ಹೇಳಿ ನೋಡುವ."

ಹಮೀದನಿಗೆ ಒಮ್ಮೆಲೇ ಅರ್ಥವಾಗಲಿಲ್ಲ.

"ಮಂಗಳವಾರ. ನನ್ನನ್ನು ಕುರ್ಚಿಯಲ್ಲಿ ಕೂರಿಸಿ ರಸ್ತೆಯವರೆಗೆ ಹೊತ್ತರು. ಜೀಪು ಸಿಕ್ಕಲಿಲ್ಲ. ಉಮ್ಮ ರಸ್ತೆಯ ಬದಿಯಲ್ಲಿ ಸೀರೆ ಅಡ್ಡ ಹಿಡಿದ್ರು. ಹುಟ್ಟುವಾಗ ಜೀವ ಇತ್ತು. ನೀವು ಟ್ರಿಪ್ಪಿನಲ್ಲಿದ್ರಿ. ಸಂಜೆ ಬಂದು 'ಗಂಡಾ ಹೆಣ್ಣಾ?' ಅಂತ ಕೇಳಿದ್ರಿ. ಮರುದಿನ ಬೆಳಿಗ್ಗೆ ಪುನಃ ಡ್ಯೂಟಿಗೆ ಹೋದ್ರಿ." ಅವಳ ಸ್ವರ ಏರಲಿಲ್ಲ. "ಅದಕ್ಕೆ ಬೇಕಾಗಿ ನೀವು ಯಾವ ಎಲೆಕ್ಷನಿಗೆ ನಿಂತದ್ದು?"

ಎಷ್ಟೋ ಪೇಟೆಗಳಲ್ಲಿ, ಎಷ್ಟೋ ಸಲ, ಅವನು ಬಸ್ಸಿನಲ್ಲಿ ಸತ್ತ ಹೆಂಗಸಿನ ಕಥೆ ಹೇಳಿದ್ದ. ಮೈಕಿನ ಮುಂದೆ ಈ ಮಗುವಿನ ನೆನಪು ಒಮ್ಮೆಯೂ ಬಂದಿರಲಿಲ್ಲ. ಮದುವೆಯಾಗಿ ವರ್ಷವೂ ತುಂಬದಿದ್ದ ಕಾಲ ಅದು. ಆಮೇಲೆ ರಸೀನಾ ಹುಟ್ಟಿದಳು, ಮಗ ತಂಸೀರ್ ಹುಟ್ಟಿದ. ನಬೀಸುಮ್ಮ ಅದನ್ನು ಮರೆತಿದ್ದಾಳೆ ಎಂದೇ ಅವನು ತಿಳಿದಿದ್ದ. ಗಂಡೋ ಹೆಣ್ಣೋ ಎಂಬುದು ಅವನಿಗೆ ಈಗ ನೆನಪಿರಲಿಲ್ಲ. ಕೇಳಲು ಬಾಯಿ ಬರಲಿಲ್ಲ.

ಆದರೂ ಶನಿವಾರ ಅವನು ಕಾಸರಗೋಡಿಗೆ ಹೋದ. ನಬೀಸುಮ್ಮ ತಡೆಯಲಿಲ್ಲ, ನೀರಿನ ಬಾಟ್ಲಿಯನ್ನು ಚೀಲಕ್ಕೆ ಹಾಕಿಕೊಟ್ಟಳು. ಕಲೆಕ್ಟರೇಟಿನ ಮೆಟ್ಟಿಲು ಹತ್ತುವಾಗ ಎರಡು ಕಡೆ ನಿಂತು ಉಸಿರು ತೆಗೆಯಬೇಕಾಯಿತು. ಒಳಗೆ ಕನ್ನಡ ಬಲ್ಲ ಗುಮಾಸ್ತನೊಬ್ಬನಿದ್ದ. ಐದು ಸಲದ ಅಭ್ಯರ್ಥಿಯ ಗುರುತು ಅವನಿಗೂ ಸಿಕ್ಕಿತು. ಕುರ್ಚಿ ಕೊಟ್ಟು, ದೂರನ್ನು ಪೂರ್ತಿ ಓದಿದ.

"ತಪ್ಪು ಮಾಹಿತಿ ಕೊಟ್ಟಿದ್ದಾರೆ ಅಂತ ಬರ್ದಿದ್ದೀರಿ. ಯಾರು ಕೊಟ್ಟದ್ದು ಅಂತ ಇಲ್ವಲ್ಲ. ಹೆಸರು ಗೊತ್ತುಂಟಾ?"

"ಉಂಟು."

"ಹಾಗಾದ್ರೆ ಇಲ್ಲಿ ಬರೀರಿ. ಇವತ್ತೇ ಸಾಹೇಬರ ಟೇಬಲಿಗೆ ಇಡ್ತೇನೆ. ಆಗ್ತದಾ ಇಲ್ವಾ ಅಂತ ಹೇಳ್ಲಿಕ್ಕಾಗುವುದಿಲ್ಲ. ಹೆಸರಿಲ್ಲದೆ ಅಂತೂ ಆಗುವುದೇ ಇಲ್ಲ."

ಗುಮಾಸ್ತ ಪೆನ್ನು ಮುಂದೆ ಮಾಡಿದ. ಹಮೀದ್ ಅದನ್ನು ತೆಗೆದುಕೊಂಡ. ಹೊರಗೆ ಯಾವುದೋ ಪಕ್ಷದವರು ಹೂವಿನ ಹಾರ ಹಾಕಿಕೊಂಡು ನಾಮಪತ್ರಕ್ಕೆ ಬಂದಿದ್ದರು, ಗಲಾಟೆ ಕೇಳುತ್ತಿತ್ತು. ಅವನು ಬಹಳ ಹೊತ್ತು ಆ ಖಾಲಿ ಗೆರೆಯನ್ನು ನೋಡಿದ. ಆಮೇಲೆ ಪೆನ್ನನ್ನು ಕಾಗದದ ಪಕ್ಕದಲ್ಲಿಟ್ಟು, ಕಾಗದವನ್ನು ಮಡಚಿ ಕಿಸೆಗೆ ಹಾಕಿಕೊಂಡು ಎದ್ದ.

ಸೋಮವಾರ ಮೂರು ಗಂಟೆಗೆ ನಾಮಪತ್ರದ ಅವಧಿ ಮುಗಿಯಿತು. ಅವನು ಗೋಡೆಗೆ ಮುಖ ಮಾಡಿ ಮಲಗಿದ್ದ. ನಬೀಸುಮ್ಮ ಚಹಾ ತಂದಿಟ್ಟು ಹೋದಳು. ಅದು ಕೆನೆಗಟ್ಟಿತು.

ಅವಳು ಹೆದರಿದ್ದು ಆಮೇಲೆ. ರೇಷನ್ ಅಂಗಡಿಯಲ್ಲಿ ಯಾರೋ, ಆ ಪಟ್ಟಿಯಲ್ಲಿ ಇಲ್ಲದವರ ಹತ್ತಿರ, ಈ ದೇಶದವರೇ ಎನ್ನಲಿಕ್ಕೆ, ಇನ್ನು ಅಪ್ಪನ ಕಾಗದ, ಅಜ್ಜನ ಕಾಗದ ಕೇಳುತ್ತಾರಂತೆ ಎಂದರು. ಹೌದೋ ಅಲ್ಲವೋ ಅವಳಿಗೆ ಗೊತ್ತಿರಲಿಲ್ಲ. ಅಕ್ಕಿಯ ಚೀಲವನ್ನು ಅಂಗಡಿಯಲ್ಲೇ ಬಿಟ್ಟು ಪ್ರವೀತನಲ್ಲಿಗೆ ಹೋಗಿ, "ಅವರದ್ದು ಪುನಃ ಸೇರಿಸ್ಲಿಕ್ಕೆ ಎಂತ ಮಾಡ್ಬೇಕು ಮಗಾ?" ಎಂದು ಕೇಳಿದಳು. ಪ್ರವೀತ್ ಒಂದು ಫಾರಂ ಕೊಟ್ಟ. ಹದಿನೆಂಟು ತುಂಬಿದ ಮಕ್ಕಳು ಮೊದಲ ಸಲ ಹೆಸರು ಸೇರಿಸುವ ಫಾರಂ ಅದು. ಎಲೆಕ್ಷನ್ ಮುಗಿದ ಮೇಲೆ ನೋಡುತ್ತಾರೆ ಎಂದ.

ಅವಳು ಅದನ್ನು ಪೆನ್ನಿನೊಂದಿಗೆ ಗಂಡನ ಮುಂದಿಟ್ಟಳು. "ಇದಕ್ಕೊಂದು ಸಹಿ ಹಾಕಿ."

ಹಮೀದ್ ಫಾರಂ ನೋಡಿದ. "ದುಬೈಯಲ್ಲಿರುವವನು ಇಲ್ಲಿ ಸಹಿ ಹಾಕುವುದು ಹೇಗೆ?" ಎಂದ. ಸಿಟ್ಟಿನಿಂದ ಹೇಳಿದಂತಿರಲಿಲ್ಲ. ನಬೀಸುಮ್ಮ ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಹೋದಳು. ಫಾರಂ ಮೇಜಿನ ಮೇಲೆಯೇ ಉಳಿಯಿತು.

ಓಟಿನ ದಿನ ಅವಳು ಹೊರಡಲೇ ಇಲ್ಲ. ಹತ್ತು ಗಂಟೆಯಾದಾಗ ಅವನೇ, "ಹೋಗು. ಹೆಸರಿದ್ದವರಾದ್ರೂ ಹಾಕ್ಬೇಕು" ಎಂದ. ಅವಳು ಕದಲದ್ದನ್ನು ಕಂಡು ಅಂಗಿ ಹಾಕಿಕೊಂಡು ತಾನೂ ಹೊರಟ.

ಓಟು ನಡೆಯುವ ಶಾಲೆಗೆ ಹೋಗುವ ರಸ್ತೆಯ ತಿರುವಿನಲ್ಲಿ ಪಕ್ಷಗಳ ಚಪ್ಪರಗಳಿದ್ದವು. ಹಮೀದ್ ಅಲ್ಲಿಯೇ ನಿಂತ, ನಬೀಸುಮ್ಮ ಒಬ್ಬಳೇ ಮುಂದೆ ಹೋದಳು. ಚಪ್ಪರದಲ್ಲಿದ್ದ ಹುಡುಗರು ಮುಖ ಮುಖ ನೋಡಿಕೊಂಡರು. ಒಬ್ಬ ತನ್ನ ಕುರ್ಚಿ ಬಿಟ್ಟುಕೊಟ್ಟ. ಎದುರಿನ ಚಪ್ಪರದವನು ಮಜ್ಜಿಗೆಯ ಲೋಟ ತಂದುಕೊಟ್ಟ. ಹೋದ ಸಲ ಇವರೇ ಅವನ ಆಟೋದ ಹಿಂದೆ ಕೂಗುತ್ತ ಓಡಿದ್ದವರು. ಈಗ ಯಾರೂ ನಗಲಿಲ್ಲ. ಅವನು ಮಜ್ಜಿಗೆಯನ್ನು ಕುಡಿಯದೆ ಹಿಡಿದುಕೊಂಡು ಕೂತ.

ನಬೀಸುಮ್ಮ ಬರಲು ಮುಕ್ಕಾಲು ಗಂಟೆ ಹಿಡಿಯಿತು.

"ಯಾವುದನ್ನು ಒತ್ತುವುದು ಅಂತ ಗೊತ್ತಾಗಲಿಲ್ಲ" ಎಂದಳು, ಯಾರೂ ಕೇಳದಿದ್ದರೂ. "ಹಾಗೇ ನಿಂತೆ. ಆಫೀಸರು ಎರಡು ಸಲ ಕರೆದ್ರು."

ಹಮೀದ್ ಲೋಟವನ್ನು ಕುರ್ಚಿಯ ಕಾಲಿನ ಬಳಿ ಇಟ್ಟು ಎದ್ದ.

ಮನೆಗೆ ಹೋಗುವ ದಾರಿ ಏರು. ಯಾವಾಗಲೂ ಅವನು ಮುಂದೆ, ಅವಳು ಹಿಂದೆ. ಇಂದು ಅವಳು ಮುಂದಾಗಿದ್ದಳು. ಗೇರುಮರದ ನೆರಳು ಸಿಕ್ಕಿದಲ್ಲಿ ನಿಂತು ತಿರುಗಿ ನೋಡಿದಳು. ಅವನು ಕೆಳಗಿನ ಮರದಡಿಯಲ್ಲಿ, ಕಾಂಡಕ್ಕೆ ಕೈಕೊಟ್ಟು ನಿಂತಿದ್ದ.

"ಗಂಡಾ ಹೆಣ್ಣಾ?" ಎಂದು ಕೇಳಿದ.

ಅವಳಿಗೆ ಕೇಳಿಸಿತೋ ಇಲ್ಲವೋ. ಅವಳು ಇಳಿದು ಬರಲಿಲ್ಲ, ಮುಂದೆ ಹೋಗಲೂ ಇಲ್ಲ. ಎರಡು ನೆರಳುಗಳ ನಡುವೆ ಹತ್ತು ಮಾರು ಬಿಸಿಲು ಕಾಯುತ್ತಿತ್ತು.