ಶೀಲಕ್ಕನ ಫ್ಲಾಸ್ಕು

ಪರೀಕ್ಷೆ ಬರೆಯುವುದು ಮಕ್ಕಳು, ಜ್ವರ ಬರುವುದು ತಾಯಂದಿರಿಗೆ. ಗುತ್ತಿಗಾರಿನ ಶೀಲಾವತಿಗೆ ಈ ಜ್ವರ ಜೂನ್ ತಿಂಗಳಲ್ಲೇ ಹಿಡಿದಿತ್ತು. ಮಗಳು ಯಶಸ್ವಿ ಸುಳ್ಯದ ಕಾಲೇಜಿನಲ್ಲಿ ದ್ವಿತೀಯ ಪಿಯುಸಿ, ಅದೂ ವಿಜ್ಞಾನ. ಆ ಮನೆಯಲ್ಲಿ ಅಷ್ಟು ಓದಿದವರು ಯಾರೂ ಇಲ್ಲ. ಗಂಡ ಕುಶಾಲಪ್ಪ ಬಾಡಿಗೆ ಜೀಪು ಓಡಿಸುತ್ತಾನೆ. ಮನೆ ಹಿಂದಿನ ಗುಡ್ಡದಲ್ಲಿರುವ ರಬ್ಬರ್ ಮರಗಳ ಟ್ಯಾಪಿಂಗ್, ಅಂದರೆ ತೊಗಟೆ ಗೀರಿ ಹಾಲು ಇಳಿಸುವ ಕೆಲಸ, ಶೀಲಾವತಿಯದೇ. ತಲೆಗೆ ಲೈಟು ಕಟ್ಟಿಕೊಂಡು ಬೆಳಕು ಹರಿಯುವ ಮೊದಲೇ ಗುಡ್ಡ ಹತ್ತಿದರೆ, ಹಾಲು ತುಂಬಿಸಿಕೊಂಡು ಇಳಿಯುವಷ್ಟರಲ್ಲಿ ಮಗಳ ಬಸ್ಸು ಹೋಗಿ ಎಷ್ಟೋ ಹೊತ್ತಾಗಿರುತ್ತದೆ.

ಮಗಳ ಓದಿಗೆ ತಾನೇನು ಮಾಡಬಲ್ಲೆ ಎಂಬುದೇ ಅವಳ ಚಿಂತೆ. ಪಾಠ ಹೇಳಿಕೊಡಲು ಬಾರದು, ಟ್ಯೂಷನ್ನಿಗೆ ಕಳಿಸುವಷ್ಟು ಅನುಕೂಲವಿಲ್ಲ. ಆದರೆ ಚಾ ಮಾಡಲು ಬರುತ್ತದಲ್ಲ! ರಾತ್ರಿ ಊಟ ಮುಗಿದದ್ದೇ ಫ್ಲಾಸ್ಕು ತುಂಬ ಖಡಕ್ ಚಾ ಮಾಡಿ ಮಗಳ ಮೇಜಿನ ಮೇಲೆ ಇಡುತ್ತಿದ್ದಳು. ಅದನ್ನು ಕುಡಿಯುತ್ತಾ ಯಶಸ್ವಿ ಹನ್ನೆರಡು ದಾಟುವವರೆಗೆ ಓದುತ್ತಿದ್ದಳು. ಮತ್ತೆ ನಾಲ್ಕಕ್ಕೆ ಗುಡ್ಡಕ್ಕೆ ಹೊರಡುವಾಗ ಶೀಲಾವತಿ ಅವಳನ್ನು ತಟ್ಟಿ ಎಬ್ಬಿಸಿಯೇ ಹೋಗುವುದು. ಬೆಳಗಿನ ಜಾವ ಓದಿದ್ದು ತಲೆಗೆ ಹತ್ತುತ್ತದೆ ಎಂದು ಶೀಲಾವತಿಯ ಅಜ್ಜಿ ಹೇಳುತ್ತಿದ್ದರಂತೆ. ಆ ಅಜ್ಜಿ ಕತ್ತಲಾದ ಕೂಡಲೇ ಮಲಗುತ್ತಿದ್ದರು ಎಂಬುದನ್ನು ಮಾತ್ರ ಯಾರೂ ನೆನಪಿಟ್ಟುಕೊಂಡಿರಲಿಲ್ಲ.

ಊರಿನ ಹೆಂಗಸರ ಸ್ವಸಹಾಯ ಸಂಘದ ಸಭೆಯಲ್ಲಿ ಶೀಲಾವತಿಗೆ ಇದೇ ಹೆಮ್ಮೆ. ನಮ್ಮ ಯಶುವಿಗೆ ನಿದ್ದೆಯೇ ಬೇಡ, ಓದು ಒಂದಿದ್ದರೆ ಸಾಕು ಎಂದು ಹೇಳಿಕೊಳ್ಳುವಳು. ಉಳಿದ ಹೆಂಗಸರು ಮನೆಗೆ ಹೋಗಿ ತಮ್ಮ ಮಕ್ಕಳಿಗೆ ಬೈಯುವರು. ಹೀಗೆ ಒಂದು ಫ್ಲಾಸ್ಕಿನಿಂದ ಇಡೀ ಬೈಲಿನ ಮನೆಮನೆಯ ಮಕ್ಕಳ ನಿದ್ದೆ ಕೆಟ್ಟಿತು.

ಜನವರಿಯಲ್ಲಿ ಪೂರ್ವಸಿದ್ಧತಾ ಪರೀಕ್ಷೆ ಬಂತು. ಭೌತಶಾಸ್ತ್ರದ ದಿನ ಯಶಸ್ವಿ ಮನೆಗೆ ಬಂದವಳು ಚೀಲವನ್ನು ಮೂಲೆಗೆ ಹಾಕಿ ಗೋಡೆಗೆ ಒರಗಿ ಕೂತಳು. ಮುಖ ಬಿಳಿಚಿಕೊಂಡಿತ್ತು. ಪ್ರಶ್ನೆಗಳೆಲ್ಲ ಓದಿದ್ದವೇ ಆಗಿದ್ದವಂತೆ, ಬರೆಯಲು ಕೂತರೆ ಒಂದೂ ನೆನಪಾಗಲಿಲ್ಲವಂತೆ. ತಲೆ ತಿರುಗಿದ್ದಕ್ಕೆ ಡೆಸ್ಕಿನ ಮೇಲೆ ತಲೆಯಿಟ್ಟು ಮಲಗಿಬಿಟ್ಟಳಂತೆ.

"ನನ್ನಿಂದ ಆಗುದಿಲ್ಲ ಅವ್ವ. ಮಾರ್ಚಿನ ಪರೀಕ್ಷೆಗೆ ನಾನು ಕೂರುದಿಲ್ಲ," ಎಂದಳು.

ಕಾಡಂಚಿನಲ್ಲಿ ಆನೆ ಓಡಿಸುವ ಪಟಾಕಿಯ ಸದ್ದು ಕೇಳಿ ಬೆಳೆದ ಈ ಹುಡುಗಿಗೆ ಅರಣ್ಯಶಾಸ್ತ್ರ ಓದಬೇಕೆಂಬ ಆಸೆ. ಆನೆ ಯಾಕೆ ತೋಟಕ್ಕೆ ಬರುತ್ತದೆ ಎಂದು ತಿಳಿಯದೆ ಬರೀ ಓಡಿಸಿದರೆ ಏನು ಬಂತು ಎಂದು ಎಂಟನೇ ತರಗತಿಯಲ್ಲೇ ಕೇಳಿದವಳು. ಪರೀಕ್ಷೆಗೇ ಕೂರದಿದ್ದರೆ ಆ ಆಸೆಗೆ ಎಳ್ಳುನೀರು ಬಿಟ್ಟ ಹಾಗೆಯೇ.

ಮರುದಿನದಿಂದ ಮನೆಯಲ್ಲಿ ಮದ್ದುಗಳ ಮೆರವಣಿಗೆ ಶುರುವಾಯಿತು. ಕುಶಾಲಪ್ಪ ಇದು ದೃಷ್ಟಿ ಎಂದು ಉಪ್ಪು, ಮೆಣಸು ನಿವಾಳಿಸಿ ಒಲೆಗೆ ಹಾಕಿದ. ಮನೆಯವರೆಲ್ಲ ಕೆಮ್ಮಿದರು, ಅಷ್ಟೇ. ಶೀಲಾವತಿ ತೋಡಿನ ನೀರಿನ ಬದಿಯಿಂದ ನೆನಪಿಗೆ ಒಳ್ಳೆಯದೆಂದು ಒಂದೆಲಗದ ಸೊಪ್ಪು ತಂದು ದಿನಾ ಚಟ್ನಿ ಮಾಡಿದಳು. ನೆರೆಮನೆಯ ಸೀತು, ಜ್ಞಾಪಕಶಕ್ತಿಗೆ ಟಿ.ವಿ.ಯಲ್ಲಿ ಒಂದು ಪುಡಿ ತೋರಿಸುತ್ತಾರೆ, ಡಬ್ಬಿ ಸ್ವಲ್ಪ ದುಬಾರಿ, ಆದರೆ ಅದನ್ನು ತಿಂದ ಮಕ್ಕಳು ಪಟಪಟ ಉತ್ತರ ಹೇಳುತ್ತಾರೆ ಎಂದಳು. ಒಣಗಲು ಹಾಕಿದ್ದ ರಬ್ಬರ್ ಶೀಟನ್ನು ಅವಧಿಗೆ ಮೊದಲೇ ಮಾರಿ ಆ ಡಬ್ಬಿ ತರುವುದೆಂದು ಶೀಲಾವತಿ ನಿಶ್ಚಯಿಸಿದಳು. ಹೊರಡುವ ಮುನ್ನ ಊರಿನ ಉಪ ಆರೋಗ್ಯ ಕೇಂದ್ರದಲ್ಲಿ ಒಂದು ಮಾತು ಕೇಳಿಬಿಡೋಣ, ಅಂಥ ಗುಳಿಗೆ ಅಲ್ಲೇ ಪುಕ್ಕಟೆ ಸಿಕ್ಕಿದರೆ ಸಿಗಲಿ ಎಂದುಕೊಂಡಳು.

ಅಲ್ಲಿನ ಸಮುದಾಯ ಆರೋಗ್ಯ ಅಧಿಕಾರಿ ಸುಪ್ರಿತಾ ಪುತ್ತೂರಿನ ಕಡೆಯವಳು, ಊರವರಿಗೆಲ್ಲ ಸಿಸ್ಟರ್. ನಗುಮುಖದ ಹುಡುಗಿ, ಆದರೆ ಮಾತು ನೇರ. ನೆನಪಿನ ಗುಳಿಗೆ ಎಂಬುದು ಇಲ್ಲ, ಮಗಳನ್ನೇ ಕರೆದುಕೊಂಡು ಬನ್ನಿ ಎಂದಳು.

ಶನಿವಾರ ತಾಯಿ, ಮಗಳು ಇಬ್ಬರೂ ಹೋದರು. ಸುಪ್ರಿತಾ ಬೆರಳು ಚುಚ್ಚಿ ಒಂದು ಹನಿ ರಕ್ತ ತೆಗೆದು ನೋಡಿದಳು. ರಕ್ತದಲ್ಲಿ ಹಿಮೋಗ್ಲೋಬಿನ್ ಕಡಿಮೆ ಇತ್ತು. ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರಿಗೂ ತೋರಿಸಬೇಕು ಎಂದು ಹೇಳಿ, ದಿನ ಹೇಗೆ ಕಳೆಯುತ್ತೀ ಎಂದು ಯಶಸ್ವಿಯನ್ನು ಕೇಳಿದಳು. ಇಷ್ಟು ದಿನ ಯಾರೂ ಹಾಗೆ ಕೇಳಿರಲಿಲ್ಲ. ಹುಡುಗಿ ಒಂದೊಂದಾಗಿ ಹೇಳತೊಡಗಿದಳು.

ಬೆಳಿಗ್ಗೆ ಏನೂ ತಿನ್ನುವುದಿಲ್ಲ. ತಿಂದು ಬಸ್ಸು ಹತ್ತಿದರೆ ತಿರುವುಗಳಲ್ಲಿ ವಾಂತಿ ಬರುತ್ತದೆ. ಬರೀ ಚಾ ಕುಡಿದು ಹೋಗುತ್ತಾಳೆ. ಬಸ್ಸಿನಲ್ಲಿ ಪುಸ್ತಕ ಬಿಡಿಸಿ ಓದುತ್ತಾಳೆ, ಅದರಿಂದ ತಲೆಸುತ್ತು ಇನ್ನೂ ಜೋರು. ಬುತ್ತಿಗೆ ಗಂಜಿ ಒಯ್ಯಲು ನಾಚಿಕೆ, ಮಧ್ಯಾಹ್ನ ಬೇಕರಿಯ ಪಫ್ಸ್ ಮತ್ತು ಬಣ್ಣದ ಜ್ಯೂಸು. ಕಾಲೇಜಿನ ಟಾಯ್ಲೆಟ್ಟಿನ ಚಿಲಕ ಮುರಿದಿರುವುದರಿಂದ ನೀರು ಕುಡಿಯುವುದೇ ಇಲ್ಲ. ಕಾಲೇಜಿನಲ್ಲಿ ಕೊಟ್ಟ ಕಬ್ಬಿಣಾಂಶದ ಮಾತ್ರೆಯನ್ನು ಒಮ್ಮೆ ಖಾಲಿ ಹೊಟ್ಟೆಗೆ ನುಂಗಿ ಹೊಟ್ಟೆ ತೊಳೆಸಿದ್ದಕ್ಕೆ ಮತ್ತೆ ಮುಟ್ಟಿಲ್ಲ. ರಾತ್ರಿ ಊಟ, ಅದರ ಮೇಲೆ ಚಾ, ಚಾದ ಮೇಲೆ ಪುಸ್ತಕ.

ಶೀಲಾವತಿ ಕೇಳುತ್ತಾ ಕೂತಳು. ಇಷ್ಟನ್ನೂ ಮಗಳು ಒಮ್ಮೆಯೂ ತನಗೆ ಹೇಳಲಿಲ್ಲವಲ್ಲ ಎಂದು ಸಂಕಟವಾಯಿತು. ಕೇಳಲು ತಾನಾದರೂ ಬೆಳಿಗ್ಗೆ ಮನೆಯಲ್ಲಿ ಯಾವಾಗ ಇದ್ದೆ ಎಂದೂ ಅನ್ನಿಸಿತು.

ಸುಪ್ರಿತಾ, ಮೊದಲು ನಿದ್ದೆ ಸರಿಯಾಗಬೇಕು, ಈ ವಯಸ್ಸಿನವರಿಗೆ ಎಂಟು ಗಂಟೆ ಬೇಕು, ಓದಿದ್ದು ಮನಸ್ಸಿನಲ್ಲಿ ನೆಲೆ ನಿಲ್ಲುವುದೇ ಮಲಗಿದಾಗ ಎಂದಳು. ಶೀಲಾವತಿಗೆ ಅದು ಮಾತ್ರ ಗಂಟಲಲ್ಲಿ ಇಳಿಯಲಿಲ್ಲ.

"ಮಲಗಿದ್ರೆ ಮಾರ್ಕು ಬರ್ತದಾ ಸಿಸ್ಟರ್? ಹಾಗಾದ್ರೆ ನಮ್ಮ ಮನೆ ನಾಯಿ ರ‍್ಯಾಂಕ್ ತೆಗೀಬೇಕಿತ್ತು."

ಸುಪ್ರಿತಾ ನಕ್ಕಳು. "ಶೀಲಕ್ಕ, ನಿಮಗೆ ರಬ್ಬರ್ ಉಂಟಲ್ವಾ? ದಿನಾ ಟ್ಯಾಪಿಂಗ್ ಮಾಡ್ತೀರಾ?"

"ಎಂತ ಮಾತು ಸಿಸ್ಟರ್. ಇವತ್ತು ಮಾಡಿದ ಮರ ನಾಳೆ ಮುಟ್ಟುದಿಲ್ಲ. ದಿನ ಬಿಟ್ಟು ದಿನ. ದಿನಾ ಮಾಡಿದ್ರೆ ತೊಗಟೆ ಒಣಗಿ ಹಾಲೇ ನಿಂತು ಹೋಗ್ತದೆ."

ಹೇಳುತ್ತಲೇ ಅವಳಿಗೆ ತಮ್ಮದೇ ಗುಡ್ಡದ ಮರಗಳು ನೆನಪಾದವು. ಹೋದ ವರ್ಷ ರಬ್ಬರಿಗೆ ರೇಟು ಏರಿದಾಗ ಕುಶಾಲಪ್ಪನಿಗೆ ಆಸೆ ಹತ್ತಿತ್ತು. ಅವಳು ತವರಿಗೆ ಹೋಗಿದ್ದಾಗ ಮೇಲಿನ ಸಾಲಿನ ಮರಗಳನ್ನು ಬಿಡದೆ ದಿನಾ ಟ್ಯಾಪಿಂಗ್ ಮಾಡಿದ. ಮೊದಲು ಹಾಲು ತೆಳ್ಳಗಾಯಿತು, ಆಮೇಲೆ ಮರಕ್ಕೆ ಕಟ್ಟಿದ ಕಪ್ಪಿಗೆ ಬೀಳುವುದೇ ನಿಂತಿತು. ಮರಕ್ಕೆ ಉಸಿರಾಡಲು ಬಿಡದ ಮನುಷ್ಯ ಎಂದು ತಿಂಗಳುಗಟ್ಟಲೆ ಅವನಿಗೆ ಬೈದದ್ದು ಇದೇ ಶೀಲಾವತಿ.

"ಮರಕ್ಕೆ ಬಿಡುವು ಬೇಕು, ಮಗಳಿಗೆ ಬೇಡ್ವಾ?" ಎಂದು ಸುಪ್ರಿತಾ ಕೇಳಬೇಕಾಗಿಯೇ ಬರಲಿಲ್ಲ. ಶೀಲಾವತಿಯೇ ಮಗಳ ಕಡೆ ತಿರುಗಿ, ಕಣ್ಣು ಒರೆಸಿಕೊಂಡು ಹೇಳಿದಳು, "ನಿನ್ನನ್ನು ನಾನೇ ಒಣಗಿಸಿದ್ದು ಮಗಾ."

ಯಶಸ್ವಿ ತಾಯಿಯ ಕೈ ಹಿಡಿದುಕೊಂಡಳು. ಒಣಗಿದ ಮರವೂ ಬಿಡುವು ಕೊಟ್ಟರೆ ಚೇತರಿಸಿಕೊಳ್ಳುತ್ತದೆ, ಪರೀಕ್ಷೆಗೆ ಇನ್ನೂ ಸಮಯ ಉಂಟು ಎಂದು ಸುಪ್ರಿತಾ ಧೈರ್ಯ ಹೇಳಿದಳು. ಆಮೇಲೆ ದುಡ್ಡು ಖರ್ಚಿಲ್ಲದೆ ಮಾಡಬಹುದಾದ್ದನ್ನೆಲ್ಲ ನಿಧಾನವಾಗಿ ತಿಳಿಸಿದಳು. ಚಾ ಕುಡಿಯಬಾರದೆಂದಲ್ಲ, ಆದರೆ ಊಟದ ಜೊತೆಗೆ, ಮಾತ್ರೆಯ ಜೊತೆಗೆ ಬೇಡ. ಚಾ ಕುಡಿದರೆ ಕಬ್ಬಿಣದ ಅಂಶ ಮೈಗೆ ಸರಿಯಾಗಿ ಹಿಡಿಯುವುದಿಲ್ಲ, ಒಂದೆರಡು ಗಂಟೆ ಅಂತರ ಇರಲಿ. ಸಂಜೆಯ ಮೇಲಂತೂ ಬೇಡವೇ ಬೇಡ. ಡಾಕ್ಟರು ಕೊಡುವ ಮಾತ್ರೆಯನ್ನು ಊಟವಾದ ಮೇಲೆ ಲಿಂಬೆ ನೀರಿನಲ್ಲಿ ತೆಗೆದುಕೊಂಡರೆ ಹೊಟ್ಟೆ ತೊಳೆಸುವುದು ಕಡಿಮೆ. ಒಂದೆಲಗದ ಚಟ್ನಿ ಒಳ್ಳೆಯದೇ, ಚಟ್ನಿಯಾಗಿ ತಿನ್ನಿ, ಆದರೆ ಕಳೆದುಹೋದ ನಿದ್ದೆಯನ್ನು ಯಾವ ಸೊಪ್ಪೂ ತಂದುಕೊಡುವುದಿಲ್ಲ. ಪುಡಿಯ ಡಬ್ಬಿಯ ದುಡ್ಡಿನಲ್ಲಿ ಎಷ್ಟು ಮೊಟ್ಟೆ, ಎಷ್ಟು ಹುರುಳಿ ಬರುತ್ತದೆ ಎಂದು ನೀವೇ ಯೋಚಿಸಿ ಎಂದಳು. ಶೀಲಾವತಿ ಯೋಚಿಸಿದಳು. ರಬ್ಬರ್ ಶೀಟು ಅದನ್ನು ಒಣಗಿಸುವ ಹೊಗೆಗೂಡಿನಲ್ಲೇ ಉಳಿಯಿತು, ಡಾಕ್ಟರಿಗೆ ತೋರಿಸಿ ಮಾತ್ರೆ ತಂದದ್ದಾಯಿತು.

ಮನೆಯ ದಿನಚರಿ ಬದಲಾದದ್ದು ಸುಲಭದಲ್ಲಲ್ಲ. ಒಂಬತ್ತಕ್ಕೇ ಮಲಗು ಎಂದರೆ ಯಶಸ್ವಿಗೆ ಹೆದರಿಕೆ, ಓದು ಉಳಿದುಬಿಟ್ಟರೆ? ಮೊದಲ ವಾರ ಮಲಗಿಯೂ ಹೊರಳಾಡಿದಳು. ಕುಶಾಲಪ್ಪ ಮೊಬೈಲುಗಳನ್ನೆಲ್ಲ ಒಟ್ಟುಮಾಡಿ ಅಡುಗೆಮನೆಯ ಅಟ್ಟಕ್ಕೆ ಇಟ್ಟ, ತನ್ನದನ್ನೂ. ಅದರಿಂದ ಹೆಚ್ಚು ಕಷ್ಟಪಟ್ಟದ್ದು ಅವನೇ. ಎರಡನೆಯ ವಾರಕ್ಕೆ ಹುಡುಗಿಗೆ ಗಾಢ ನಿದ್ದೆ ಹತ್ತಿತು. ಐದಕ್ಕೆ ತಾನಾಗಿಯೇ ಏಳತೊಡಗಿದಳು.

ಬೆಳಗಿನ ತಿಂಡಿಯನ್ನು ಕುಶಾಲಪ್ಪ ವಹಿಸಿಕೊಂಡ. ಶೀಲಾವತಿ ರಾತ್ರಿಯೇ ಕುಚ್ಚಲಕ್ಕಿ ಬೇಯಿಸಿಟ್ಟು ಹೋದರೆ, ಅವನು ಗಂಜಿ ಬಿಸಿಮಾಡಿ, ಒಂದು ಮೊಟ್ಟೆ ಬೇಯಿಸಿ, ಹುರುಳಿ ಚಟ್ನಿ ಹಾಕಿ ಕೊಡುವನು. ಬಸ್ಸಿಗೆ ಸಾಕಷ್ಟು ಮೊದಲೇ ಸ್ವಲ್ಪ ಸ್ವಲ್ಪ ತಿನ್ನುವುದು, ಮುಂದಿನ ಸೀಟಿನಲ್ಲಿ ಕಿಟಕಿ ಬದಿ ಕೂರುವುದು, ಬಸ್ಸಿನಲ್ಲಿ ಪುಸ್ತಕ ತೆರೆಯದೆ ಹಿಂದಿನ ದಿನ ಓದಿದ್ದನ್ನು ಕಣ್ಣು ಮುಚ್ಚಿ ನೆನಪಿಸಿಕೊಳ್ಳುವುದು. ವಾಂತಿ ನಿಂತಿತು. ಮಧ್ಯಾಹ್ನಕ್ಕೆ ಅನ್ನ, ನುಗ್ಗೆಸೊಪ್ಪಿನ ಪಲ್ಯ ಡಬ್ಬಿಗೆ ಸೇರಿತು. ಯಾರಾದರೂ ನಗುತ್ತಾರೆ ಎಂದು ಯಶಸ್ವಿ ಹೆದರಿದ್ದಳು. ನಕ್ಕರು ನಿಜ, ಆದರೆ ಡಬ್ಬಿಯ ಪಲ್ಯವನ್ನು ಅರ್ಧ ಖಾಲಿ ಮಾಡಿದ್ದೂ ಅವರೇ. ಚಿಲಕದ ವಿಷಯವನ್ನು ಗೆಳತಿಯರೆಲ್ಲ ಸೇರಿ ಉಪನ್ಯಾಸಕಿಗೆ ಹೇಳಿದರು. ಅವರಿಗೆ ಅದು ಗೊತ್ತೇ ಇರಲಿಲ್ಲ. ಹೇಳಿದ ವಾರವೇ ಹೊಸ ಚಿಲಕ ಬಂತು.

ಓದುವ ಕ್ರಮವೂ ಬೇರೆಯಾಯಿತು. ಒಂದೇ ಪುಟವನ್ನು ಹತ್ತು ಸಲ ಓದುವ ಬದಲು ಒಮ್ಮೆ ಓದಿ, ಪುಸ್ತಕ ಮುಚ್ಚಿ, ನೆನಪಿದ್ದದ್ದನ್ನು ಹೇಳಿ ನೋಡುವುದು. ಹಳೆಯ ಪ್ರಶ್ನೆಪತ್ರಿಕೆಗಳನ್ನು ಸೀನಿಯರ್ ಅಕ್ಕಂದಿರಿಂದ ಕೇಳಿ ತಂದು ಗಡಿಯಾರ ಇಟ್ಟುಕೊಂಡು ಬರೆಯುವುದು. ಭಾನುವಾರ ಶೀಲಾವತಿ ಶೀಟು ಮಾಡಲು ರಬ್ಬರ್ ಹಾಲಿಗೆ ಆಸಿಡ್ ಬೆರೆಸುತ್ತಿದ್ದಾಗ ಯಶಸ್ವಿ, ಈ ಆಸಿಡ್ ನನ್ನ ರಸಾಯನಶಾಸ್ತ್ರದ ಪುಸ್ತಕದಲ್ಲೂ ಉಂಟು ಎಂದಳು. ಹೌದಾ, ಇದನ್ನು ಹಾಕಿದರೆ ಹಾಲು ಯಾಕೆ ಗಟ್ಟಿಯಾಗುತ್ತದೆ ಎಂದು ತಾಯಿ ಕೇಳಿದಳು. ಮಗಳು ವಿವರಿಸಲು ಹೋಗಿ ನಡುವೆ ತಡವರಿಸಿದಳು, ಒಳಗೆ ಹೋಗಿ ಪುಸ್ತಕ ನೋಡಿ ಬಂದು ಮತ್ತೆ ಹೇಳಿದಳು. ಶೀಲಾವತಿಗೆ ಅರ್ಧ ಅರ್ಥವಾಯಿತು. ಆದರೆ ಯಾಕೆ ಎಂದು ಕೇಳಲು ಓದಿರಬೇಕಾಗಿಲ್ಲ ಎಂಬುದು ಪೂರ್ತಿ ಅರ್ಥವಾಯಿತು. ಮಗಳ ಓದಿಗೆ ಚಾ ಬಿಟ್ಟು ತನ್ನಿಂದಲೂ ಆಗುವಂಥದ್ದು ಒಂದು ಸಿಕ್ಕಿತೆಂದು ಅವಳಿಗೆ ಬಹಳ ಖುಷಿಯಾಯಿತು. ಅಂದಿನಿಂದ ದಿನಾ ಸಂಜೆ ಒಂದು ಪಾಠ ಅವಳಿಗೆ ಒಪ್ಪಿಸಬೇಕು.

ಫೆಬ್ರವರಿಯಲ್ಲಿ ಎಲೆ ಉದುರಿ ರಬ್ಬರ್ ಮರಗಳಿಗೆ ರಜೆ ಬಂತು. ಶೀಲಾವತಿ ಬೆಳಿಗ್ಗೆ ಮನೆಯಲ್ಲೇ ಇರತೊಡಗಿದಳು. ಮತ್ತೆ ರಕ್ತ ನೋಡಿದಾಗ ಸುಪ್ರಿತಾ, ಏರಿದೆ, ಆದರೆ ಮಾತ್ರೆ ಈಗಲೇ ನಿಲ್ಲಿಸಬೇಡಿ ಎಂದಳು.

ಮಾರ್ಚಿನಲ್ಲಿ ಭೌತಶಾಸ್ತ್ರದ ಪರೀಕ್ಷೆ. ಆ ದಿನ ಶೀಲಾವತಿಗೆ ಮನೆಯಲ್ಲಿ ನಿಲ್ಲಲಾಗಲಿಲ್ಲ. ಬಸ್ಸು ಬರುವುದಕ್ಕೆ ಎಷ್ಟೋ ಮೊದಲೇ ಗುತ್ತಿಗಾರು ಪೇಟೆಗೆ ಬಂದು ಬಸ್‌ಸ್ಟ್ಯಾಂಡಿನಲ್ಲಿ ನಿಂತಿದ್ದಳು. ಸೀತು ಎದುರಾಗಿ ಮಾತಾಡಿಸಿದ್ದೂ ತಲೆಗೆ ಹೋಗಲಿಲ್ಲ. ಮತ್ತೆ ಅದೇ ಬಿಳಿಚಿದ ಮುಖ ಇಳಿದುಬಂದರೆ ಏನು ಮಾಡಲಿ ಎಂಬುದೊಂದೇ ಯೋಚನೆ.

ಬಸ್ಸು ನಿಂತಿತು. ಯಶಸ್ವಿ ಇಳಿದಳು. ಹೆಗಲಲ್ಲಿ ಚೀಲ, ಕೈಯಲ್ಲಿ ಅದೇ ಹಳೆಯ ಫ್ಲಾಸ್ಕು. ಈಗ ಅದರಲ್ಲಿ ದಿನಾ ಜೀರಿಗೆ ಹಾಕಿ ಕುದಿಸಿದ ನೀರು ಕಾಲೇಜಿಗೆ ಹೋಗುತ್ತದೆ. ಶೀಲಾವತಿ ಫ್ಲಾಸ್ಕನ್ನು ತೆಗೆದುಕೊಂಡು ಅಲುಗಾಡಿಸಿ ನೋಡಿದಳು. ಖಾಲಿ.

"ಎಂತ ಆಯ್ತು ಮಗಾ?"

"ಎಲ್ಲ ನೆನಪಾಯ್ತು ಅವ್ವ," ಎಂದಳು ಯಶಸ್ವಿ. "ಬೇಗ ಮನೆಗೆ ಹೋಗುವ. ಹಸಿವಾಗ್ತದೆ."

ಹಸಿವಾಗ್ತದೆ ಎಂಬ ಮಾತನ್ನು ಮಗಳ ಬಾಯಲ್ಲಿ ಕೇಳಿ ಎಷ್ಟು ತಿಂಗಳಾಗಿತ್ತೋ. ಶೀಲಾವತಿಯ ಎದೆಯ ಭಾರ ಬಸ್‌ಸ್ಟ್ಯಾಂಡಿನಲ್ಲೇ ಇಳಿದುಹೋಯಿತು. ಮಾರ್ಕು ಎಷ್ಟು ಬರುತ್ತದೆಂದು ಕೇಳಬೇಕೆಂದು ಕೂಡ ಅನ್ನಿಸಲಿಲ್ಲ. ಅದು ಬರುವಾಗ ಬರಲಿ, ಮಗಳು ಮರಳಿ ಬಂದಳಲ್ಲ ಎಂದುಕೊಂಡು ಅವಳ ಚೀಲವನ್ನೂ ತಾನೇ ಹೊತ್ತು ನಡೆದಳು.

ಓದುವ ಮಕ್ಕಳಿರುವ ಅಕ್ಕ, ಅಣ್ಣಂದಿರೇ, ನಿಮ್ಮ ಪ್ರೀತಿಗೆ ಯಾರೂ ಕುಂದು ಹೇಳುವುದಿಲ್ಲ. ಆದರೆ ಮಗುವಿಗೆ ತಲೆಸುತ್ತು, ಸುಸ್ತು, ಮರೆವು ಕಂಡರೆ ದುಬಾರಿ ಡಬ್ಬಿಯ ಅಂಗಡಿಗೆ ಹೋಗುವ ಮೊದಲು ಹತ್ತಿರದ ಆರೋಗ್ಯ ಕೇಂದ್ರಕ್ಕೆ ಹೋಗಿ. ಅಲ್ಲಿ ರಕ್ತ ಪರೀಕ್ಷೆ ಮಾಡಿಸಿ, ನಿಮ್ಮ ದಿನಚರಿಯನ್ನು ಮುಚ್ಚುಮರೆಯಿಲ್ಲದೆ ಹೇಳಿ. ಓದುವ ಮಕ್ಕಳೇ, ಹಸಿದು ಓದಬೇಡಿ, ಬಾಯಾರಿ ಕೂರಬೇಡಿ, ಕಾಲೇಜಿನಲ್ಲಿ ಏನು ಸರಿಯಿಲ್ಲವೋ ಅದನ್ನು ನಾಚದೆ ಹೇಳಿ. ಇವತ್ತು ಸಂಜೆ ನಿಮ್ಮ ಮನೆಯ ಓದುವ ಮೇಜಿನ ಮೇಲೆ ಒಂದು ಫ್ಲಾಸ್ಕು ಇದ್ದರೆ ಮುಚ್ಚಳ ತೆಗೆದು ನೋಡಿ. ಅದರಲ್ಲಿ ಚಾ ಇದ್ದರೆ ನೀವು ಕುಡಿಯಿರಿ, ಮಗುವನ್ನು ಮಲಗಲು ಬಿಡಿ.