ಬೀರೇಶರ ಗಂಟಲಿನ ನೀರು

ಮಾರಕ್ಕನ ಹಸುಗಳಿಗೆ ಕುಡಿಯುವ ನೀರಿರಲಿಲ್ಲ. ಬಾವಿಯಲ್ಲಿ ನೀರಿತ್ತು, ಆದರೆ ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆ ಬಂದ ಮೇಲೆ ಅದು ಒಂದು ದಿನ ಹಳದಿ, ಒಂದು ದಿನ ನೀಲಿ. ಗುಂಡ್ಲಕೆರೆಯ ಜನ ಫಿಲ್ಟರ್ ಘಟಕದಲ್ಲಿ ನಾಣ್ಯ ಹಾಕಿ ಕ್ಯಾನು ತುಂಬಿಕೊಳ್ಳುತ್ತಿದ್ದರು. ಹಸುಗಳಿಗೆ ಅಷ್ಟು ಕ್ಯಾನು ಯಾರು ಹೊರುತ್ತಾರೆ? ಅವು ಬಾವಿ ನೀರನ್ನೇ ಕುಡಿದು ಸೊರಗುತ್ತಿದ್ದವು.

ಊರು ಪ್ರಸಿದ್ಧವಾಗಿದ್ದೂ ಇದೇ ಬಾವಿಯಿಂದ. ಊರಿನ ಹೆಸರನ್ನು ತಮ್ಮ ಹೆಸರಿನ ಮುಂದೆ ಅಂಟಿಸಿಕೊಂಡಿದ್ದ ಗಾಯಕ ಗುಂಡ್ಲಕೆರೆ ಬೀರೇಶ್ ಪ್ರತಿ ವೇದಿಕೆಯಲ್ಲೂ ಹೇಳುತ್ತಿದ್ದರು: "ನನ್ನ ಗಂಟಲು ನಮ್ಮೂರ ಬಾವಿ ಹಾಕಿದ ಭಿಕ್ಷೆ. ಇವತ್ತಿಗೂ ಬೇರೆ ನೀರು ಮುಟ್ಟಲ್ಲ." ಅವರು ಊರು ಮುಟ್ಟಿ ವರ್ಷಗಳಾಗಿದ್ದವು. ಬೆಂಗಳೂರಿನಿಂದ ಬರುತ್ತಿದ್ದುದು ಅವರ ಕಾರು, ಖಾಲಿ ಕ್ಯಾನುಗಳ ಸಮೇತ.

ಆ ಕ್ಯಾನುಗಳನ್ನು ಪಂಚಾಯ್ತಿ ಮೆಂಬರ್ ಅಪ್ಪಯ್ಯಣ್ಣ ಫಿಲ್ಟರ್ ಘಟಕಕ್ಕೆ ಒಯ್ದು ತುಂಬಿಸಿ ಕಳಿಸುತ್ತಿದ್ದ.

"ಬಾವೀದೇ ತುಂಬ್ಸಣ್ಣ, ಒಂದ್ಸಲ ಕುಡೀಲಿ," ಎಂದಳು ಮಾರಕ್ಕ.

"ಏನಮ್ಮಾ ನೀನು! ದೊಡ್ಡೋರ ಹೊಟ್ಟೆ ಕೆಟ್ರೆ ಊರ ಮರ್ವಾದೆ ಏನಾಯ್ತದೆ?"

"ನಮ್ ಹಸುಗಳ್ ಹೊಟ್ಟೆ ಕೆಟ್ರೆ?"

"ನಿಮ್ ಹಸ ಟೀವೀಲಿ ಹಾಡ್ತದಾ?"

ಮಾರಕ್ಕ ದೂರು ಹಿಡಿದು ದೊಡ್ಡಬಳ್ಳಾಪುರದ ತಾಲ್ಲೂಕು ಕಚೇರಿಗೆ ಅಲೆದೂ ಅಲೆದೂ ಸುಸ್ತಾದ ಮೇಲೆ, ನೀರು ಪರೀಕ್ಷಿಸಲು ಒಬ್ಬ ಸಾಹೇಬರು ಜೀಪಿನಲ್ಲಿ ಬಂದರು. ಬಾವಿಗೆ ಇಣುಕಿದರು. ಅಂದು ನೀರು ನೀಲಿ.

"ಆಕಾಶ ಕಾಣ್ತಿದೆ ಬಿಡಮ್ಮ."

"ಆಕಾಶ ನೊರೆ ಬಿಡ್ತದಾ ಸ್ವಾಮಿ?"

ಸಾಹೇಬರು ಮೊಬೈಲಿನಲ್ಲಿ ಬೀರೇಶರ ಸಂದರ್ಶನ ತೋರಿಸಿದರು. "ಅವರು ಕುಡಿಯೋದು ಇದೇ ನೀರಂತೆ. ಅವರ ಗಂಟಲು ಕೆಟ್ಟಿದೆಯಾ?"

ಮಾರಕ್ಕ ಸಾಹೇಬರ ಪಕ್ಕ ನಿಂತಿದ್ದ ಅಪ್ಪಯ್ಯಣ್ಣನ ಕಡೆ ತಿರುಗಿದಳು. "ಕ್ಯಾನಿಗೆ ಯಾವ ನೀರ್ ಹಾಕ್ತೀಯ, ಹೇಳಣ್ಣ."

ಅಪ್ಪಯ್ಯಣ್ಣನಿಗೆ ಪಜೀತಿಯಾಯಿತು. ನಿಜ ಹೇಳಿದರೆ ಬೀರೇಶ್ ಪೆದ್ದರಾಗುತ್ತಾರೆ, ಊರು ಮೋಸಗಾರ ಊರಾಗುತ್ತದೆ.

"ಬಾವೀದೇ ಸಾ," ಎಂದ. "ಸಕ್ಕರೆ ಇದ್ದಂಗದೆ."

ಮಾರಕ್ಕ ಒಂದು ಚೊಂಬು ಸೇದಿ ಅವನ ಮೂತಿಯ ಮುಂದೆ ಹಿಡಿದಳು. "ಹಂಗಾದ್ರೆ ಕುಡಿ."

"ಶನಿವಾರ ಕಣಮ್ಮಾ. ನಂದು ಒಪ್ಪತ್ತು."

ಒಪ್ಪತ್ತಿನ ದಿನ ನೀರು ಕುಡಿಯಬಾರದೆಂದು ಯಾವ ದೇವರೂ ಹೇಳಿಲ್ಲ. ಸಾಹೇಬರು ದೈವಭಕ್ತರು, ತಕರಾರು ಮಾಡಲಿಲ್ಲ. ನೀರು ಯೋಗ್ಯವಾಗಿದೆ ಎಂದು ಬರೆದುಕೊಂಡು ಹೋದರು.

ಬಾವಿಯ ಮೇಲೆ ಯಾರೋ ದೂರು ಕೊಟ್ಟರೆಂದು ಕೇಳಿ ಬೀರೇಶ್ ವಿಡಿಯೋದಲ್ಲಿ ಅತ್ತರು. ಅಭಿಮಾನಿಗಳು ಓಡಿ ಬಂದು ಬಾವಿಗೆ ಕಬ್ಬಿಣದ ಜಾಲರಿ ಹಾಕಿ, ಬೀಗ ಜಡಿದು, 'ಗಾಯಕರ ಬಾವಿ' ಎಂಬ ಹಲಗೆ ನಿಲ್ಲಿಸಿದರು. ಹಲಗೆಯ ಖರ್ಚು ಕಾರ್ಖಾನೆಯವರದು. ಹಸುಗಳಿಗೆ ಉಳಿದಿದ್ದು ಕಾರ್ಖಾನೆಯ ಹಿಂದಿನ ಮೋರಿ.

ಯುಗಾದಿಯೊಳಗೆ ಮಾರಕ್ಕನ ಕೊಟ್ಟಿಗೆಯಲ್ಲಿ ಮೂರು ಸೀಮೆಹಸು, ಒಂದು ಕರು ಸತ್ತವು.